ಹನ್ನೊಂದು ಗಂಟೆಗೆ ಬರೆದ ನಾಲ್ಕು ಗಂಟೆಯ ಸುದ್ದಿ

ಜನವರಿ 13, ಸೋಮವಾರ

ಬನಶಂಕರಿ ಎರಡನೇ ಹಂತದ ಬಾನಂಗಳದಲ್ಲಿ ಹೊಂಬಣ್ಣದ ಬಾಲಸೂರ್ಯನು ತನ್ನ ಸುಕೋಮಲ ಕಿರಣಗಳನ್ನು ನೀರಿನ ಟ್ಯಾಂಕುಗಳ ಮೇಲೆ ಧಾರಾಳವಾಗಿ ಚೆಲ್ಲುತ್ತಿದ್ದ ಮಂಗಳಮಯ ಮುಂಜಾನೆಯಲ್ಲಿ, ನಾಡಿನ ಭಾವೀ ಅಂಕಣಕಾರನೂ ಜಯನಗರದ ಕಾಲೇಜೊಂದರಲ್ಲಿ ಪತ್ರಿಕೋದ್ಯಮದ ಅಂತಿಮ ವರ್ಷದ ವಿದ್ಯಾರ್ಥಿಯೂ ಆದ ಸುಶ್ರುತನು ಹಾಲು ತರುವುದನ್ನು ಮರೆತು ತಾಯಿಯಿಂದ ಬೈಸಿಕೊಂಡನು.

ಮೇಲಿನ ವಾಕ್ಯವನ್ನು ಮೂರು ಸಲ ಓದಿದೆ. ಪ್ರತಿಭೆ ಎಂದರೆ ಇದೇ. ಆದರೆ ನಮ್ಮ ಶಿವರಾಮ್ ಮೇಷ್ಟ್ರಿಗೆ ಇದು ಕಾಣುವುದಿಲ್ಲ. ಮೂವತ್ತೊಂದು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವಾಕ್ಯಗಳಿಗೆ ಕತ್ತರಿ ಹಾಕಿ ಬಂದವರು ಅವರು. ಕೆಂಪು ಪೆನ್ನು ಕಂಡರೆ ನನ್ನ ವಿಶೇಷಣಗಳು ಬೆಂಚಿನ ಕೆಳಗೆ ಅಡಗುತ್ತವೆ.

ಇಂದು ನನ್ನ ವರದಿಯನ್ನು ಇಡೀ ಕ್ಲಾಸಿನ ಮುಂದೆ ಹಿಡಿದರು.

"ಏನಾಯ್ತಪ್ಪ ಇಲ್ಲಿ?"

"ನಾಲ್ಕನೇ ಬ್ಲಾಕಿನಲ್ಲಿ ಫುಟ್‌ಪಾತ್ ಕುಸಿದಿದೆ ಸಾರ್."

"ಅದನ್ನ ಎಷ್ಟನೇ ಸಾಲಲ್ಲಿ ಹೇಳಿದ್ದೀಯ?"

ಎಣಿಸಿದೆ. "ಹದಿನಾಲ್ಕನೇ ಸಾಲು ಸಾರ್. ಮೊದಲು ಜಯನಗರದ ಸಾಂಸ್ಕೃತಿಕ ಹಿನ್ನೆಲೆ..."

"ಓದೋನು ಹದಿಮೂರನೇ ಸಾಲಿಗೇ ಆ ಗುಂಡಿಗೆ ಬಿದ್ದಿರ್ತಾನಪ್ಪ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಈ ಆರು ಜನ ಮೊದಲು ಒಳಗೆ ಬರಲಿ. ನಿನ್ನ ಬಾಲಸೂರ್ಯ ಆಮೇಲೆ ಜಾಗ ಇದ್ರೆ ಬರ್ತಾನೆ."

ಕ್ಲಾಸು ನಕ್ಕಿತು. ದಿವ್ಯ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವಳು ನಮ್ಮ ವಿಭಾಗದ ಪ್ರಾಯೋಗಿಕ ಪತ್ರಿಕೆ 'ದಕ್ಷಿಣ ನೋಟ'ದ ಸಂಪಾದಕಿ. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ, ಮುನ್ನೂರು ಪ್ರತಿ. ಅದರಲ್ಲಿ ಹೆಸರು ಸಮೇತ ಮೂರು ಸುದ್ದಿ ಬಂದರೆ ಮಾತ್ರ ಆಂತರಿಕ ಅಂಕ. ಈವರೆಗೆ ನನ್ನದು ಬಂದಿರುವುದು ಎರಡು: ಒಂದು ಹವಾಮಾನ, ಇನ್ನೊಂದು ಕಳೆದುಹೋದ ಬೆಕ್ಕು. ಬೆಕ್ಕು ಸಿಕ್ಕಿತೋ ಇಲ್ಲವೋ ವಿಚಾರಿಸಲಿಲ್ಲ. ಅದು ಬೆಕ್ಕಿನ ಖಾಸಗಿ ವಿಷಯ.

ಈ ಪುಸ್ತಕವನ್ನು ಯಾರೂ ಓದತಕ್ಕದ್ದಲ್ಲ. ಅಮ್ಮನಂತೂ ಮುಟ್ಟತಕ್ಕದ್ದೇ ಅಲ್ಲ.

ಜನವರಿ 19, ಭಾನುವಾರ, ಬೆಳಿಗ್ಗೆ 11.40

ಜಗತ್ತಿನ ಪತ್ರಿಕಾ ಇತಿಹಾಸದಲ್ಲಿ ಸುವರ್ಣಾಕ್ಷರಗಳಲ್ಲಿ ಬರೆದಿಡಬೇಕಾದ ಸಾಧನೆಯೊಂದನ್ನು ಈಗಷ್ಟೇ ಮುಗಿಸಿ ಕೈ ತೊಳೆದುಕೊಂಡೆ. ಸಂಜೆ ನಾಲ್ಕಕ್ಕೆ ನಡೆಯಲಿರುವ ಸಮಾರಂಭದ ವರದಿಯನ್ನು ಬೆಳಿಗ್ಗೆ ಹನ್ನೊಂದಕ್ಕೇ ಬರೆದು ಮುಗಿಸಿದ್ದೇನೆ. ಬೇರೆ ವರದಿಗಾರರು ಘಟನೆಯ ಹಿಂದೆ ಓಡುತ್ತಾರೆ. ನಾನು ಮುಂದೆ ಹೋಗಿ ಅದಕ್ಕಾಗಿ ಕಾಯುತ್ತೇನೆ.

ವಿಷಯ ಇಷ್ಟು. ಬಿಟಿಎಂ ಎರಡನೇ ಹಂತದಲ್ಲಿ ಚಿಕ್ಕಬೈರಪ್ಪ ಎಂಬ ಪಿಜಿ ಮಾಲೀಕರು ತಮ್ಮ ಕಟ್ಟಡದ ಕೆಳಗಿನ ಮಳಿಗೆಯನ್ನು ತಾಯಿಯ ನೆನಪಿಗೆ ಉಚಿತ ವಾಚನಾಲಯ ಮಾಡಿದ್ದಾರೆ. ಆಹ್ವಾನ ಪತ್ರಿಕೆ ದಿವ್ಯಳ ಕೈಗೆ ಬಂತು, ಅವಳು ನನ್ನ ಕೈಗೆ ಕೊಟ್ಟಳು. ಬಿಡಿಸಿ ನೋಡಿದರೆ ಮೇಷ್ಟ್ರ ಆರೂ ಜನ ಅದರಲ್ಲೇ ಸಾಲಾಗಿ ಕೂತಿದ್ದಾರೆ! ಯಾರು: ನಿವೃತ್ತ ಗ್ರಂಥಾಲಯ ಅಧಿಕಾರಿ ಡಾ. ಶಿವರಾಜ್. ಏನು: ಉದ್ಘಾಟನೆ. ಎಲ್ಲಿ, ಯಾವಾಗ: ನಕಾಶೆ ಸಮೇತ. ಇನ್ನು ನಾನು ಅಲ್ಲಿಗೆ ಹೋಗಿ ಮಾಡುವುದಾದರೂ ಏನು? ಅಲ್ಲದೆ ಇಂದು ಮೋಹಿತನ ಮನೆಯ ತಾರಸಿಯಲ್ಲಿ ಕ್ರಿಕೆಟ್ಟು.

ಬರೆದೆ: "ಡಾ. ಶಿವರಾಜ್ ಅವರು ಟೇಪು ಕತ್ತರಿಸಿ ವಾಚನಾಲಯವನ್ನು ಉದ್ಘಾಟಿಸಿ, ಓದಿನ ಮಹತ್ವವನ್ನು ಮನಮುಟ್ಟುವಂತೆ ವಿವರಿಸಿದರು. ಚಿಕ್ಕಬೈರಪ್ಪ ಅಧ್ಯಕ್ಷತೆ ವಹಿಸಿದ್ದರು. ನೆರೆದ ಸಭಿಕರು ಕರತಾಡನ ಮಾಡಿದರು." ಕರತಾಡನ ಕಾರ್ಡಿನಲ್ಲಿರಲಿಲ್ಲ. ಅದು ನನ್ನ ಸ್ವಂತ ಕೊಡುಗೆ.

ಜನವರಿ 24, ಶುಕ್ರವಾರ

ಬಂತು! ಮೊದಲ ಪುಟ! ಮಧ್ಯದಲ್ಲಿ! ಹೆಸರು ಕೆಳಗೆ, ದಪ್ಪಕ್ಷರದಲ್ಲಿ! ಮೂರನೇ ಸುದ್ದಿ ಆಯಿತು, ಅಂಕ ಬಂತು, ನಾಡು ಉದ್ಧಾರವಾಯಿತು.

ಅಮ್ಮನಿಗೆ ತೋರಿಸಿದೆ. ಇಡೀ ಓದಿ, "ಸಭೆ ಹೇಗಿತ್ತೋ?" ಎಂದಳು.

"ಬಹಳ ಗಂಭೀರವಾಗಿತ್ತು," ಎಂದೆ.

"ಭಾನುವಾರ ಪ್ಯಾಂಟೆಲ್ಲ ಸಿಮೆಂಟು ಮಾಡ್ಕೊಂಡು ಬಂದೆಯಲ್ಲ, ಸಭೇಲಿ ಅಷ್ಟೊಂದು ಉರುಳಾಡಿದ್ರಾ?"

ಅಮ್ಮ ಪತ್ರಿಕೋದ್ಯಮ ಓದದೇ ಇದ್ದದ್ದು ನಾಡಿನ ರಾಜಕಾರಣಿಗಳ ಪುಣ್ಯ.

ಜನವರಿ 27, ಸೋಮವಾರ

ಇಂದು ಬಾಲಸೂರ್ಯನಿಗೆ ಜಾಗವಿಲ್ಲ.

ಹನ್ನೆರಡೂವರೆಗೆ ನಮ್ಮ ವಿಭಾಗದ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತರು. ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ಕಂಕುಳಲ್ಲಿ 'ದಕ್ಷಿಣ ನೋಟ'.

"ಸುಶ್ರುತ ಅನ್ನಾಂವ ಯಾವಾಂವ?"

ದಿವ್ಯ ಕ್ಷಣವೂ ತಡಮಾಡದೆ ನನ್ನತ್ತ ಬೆರಳು ತೋರಿಸಿದಳು. ಸಂಪಾದಕರು ವರದಿಗಾರರ ಬೆನ್ನಿಗೆ ನಿಲ್ಲಬೇಕು ಎಂದು ಪಠ್ಯದಲ್ಲಿದೆ. ಅವಳು ಆ ಪಾಠಕ್ಕೆ ಬಂದಿರಲಿಲ್ಲ.

"ಕೂತ್ಕೊಳ್ಳಿ ಆಂಟಿ," ಎಂದೆ.

"ಆಂಟಿ ಅನಬ್ಯಾಡ. ಅಕ್ಕಾ ಅನ್ನು, ಇಲ್ಲಾಂದ್ರ ದುಂಡವ್ವ ಅನ್ನು. ದುಂಡವ್ವ ಅಂದ್ರನ ಚಲೋ, ಯಾಕಂದ್ರ ಪೇಪರ್‌ನ್ಯಾಗ ನೀ ಅದೊಂದ ಹೆಸರು ಬಿಟ್ಟು ಎಲ್ಲಾರ ಹೆಸರೂ ಬರದೀದಿ."

ಕಥೆ ಹೀಗಿದೆ. ದುಂಡವ್ವ ರೋಣದ ಕಡೆಯವರು. ಬಿಟಿಎಂನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಹನ್ನೆರಡು ವರ್ಷದಿಂದ ಪಿಜಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾರೆ. ಅಂದು ಸಮಾರಂಭದ ಊಟಕ್ಕೆ ರೊಟ್ಟಿ ಬುಟ್ಟಿ ಹೊತ್ತು ಬಂದಿದ್ದಾರೆ. ನಾಲ್ಕು ಇಪ್ಪತ್ತಾದರೂ ಮುಖ್ಯ ಅತಿಥಿಗಳ ಸುಳಿವಿಲ್ಲ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾರೆ. ನಾಲ್ಕೂವರೆಗೆ ರಾಹುಕಾಲ. ಚಿಕ್ಕಬೈರಪ್ಪನವರಿಗೆ ಗಡಿಯಾರ ನೋಡಿ ನೋಡಿ ಬೆವರು. ಕೊನೆಗೆ ಬುಟ್ಟಿ ಇಳಿಸುತ್ತಿದ್ದ ದುಂಡವ್ವನನ್ನು ಕರೆದು, "ಮುತ್ತೈದೆ ಇದ್ದೀಯ ತಾಯಿ, ನೀನೇ ಓಪನ್ ಮಾಡ್ಬಿಡು," ಎಂದು ಕೈ ಮುಗಿದಿದ್ದಾರೆ. ದುಂಡವ್ವ ವಾಚನಾಲಯ ಉದ್ಘಾಟಿಸಿದ್ದಾರೆ. ನಿಜವಾಗಿಯೂ.

"ಅವತ್ತ ನೀ ಬಂದಿದ್ದೇನು?" ಎಂದರು.

ನಾನು ಫ್ಯಾನಿನ ಕಡೆ ನೋಡಿದೆ.

"ಬಂದಿದ್ದಿಲ್ಲ ಬಿಡು. ಬಂದಿದ್ದರ ರೊಟ್ಟಿ ತಿಂದಿರತಿದ್ದಿ. ನಾ ರೊಟ್ಟಿ ಹಾಕಿದವರ ಮಾರಿ ಮರಿಯೂದಿಲ್ಲ."

ಇಲ್ಲಿಗೆ ನಿಂತಿದ್ದರೆ ನಾನೂ ನಗುತ್ತಿದ್ದೆನೇನೋ. ಆದರೆ ದುಂಡವ್ವ ಅಂದೇ ಊರಿಗೆ ಫೋನು ಮಾಡಿ ಹೇಳಿದ್ದರು: ವಾಚನಾಲಯ ಉದ್ಘಾಟನೆ ಮಾಡಿದ್ದು ನಾನು, ಪೇಪರಿನಲ್ಲಿ ಬರುತ್ತೆ ನೋಡಿ. ಅವರ ನಾದಿನಿ ಅನ್ನಪೂರ್ಣ ಅಲ್ಲಿ ಅಂಗನವಾಡಿ ಟೀಚರು. ಅವರ ಹೆಸರು ಒಮ್ಮೆ ಪೇಪರಿನಲ್ಲಿ ಬಂದಿತ್ತು. ಅದಕ್ಕೆ ಕಟ್ಟು ಹಾಕಿಸಿ ದೇವರ ಪಕ್ಕ ನೇತುಹಾಕಿದ್ದಾರೆ. ದುಂಡವ್ವ ವಾಚನಾಲಯಕ್ಕೆ ಬಂದ ನಮ್ಮ ಪತ್ರಿಕೆಯ ಫೋಟೊ ತೆಗೆದು, ಓದುವಷ್ಟೂ ತಾಳ್ಮೆಯಿಲ್ಲದೆ, ಕಳಿಸಿಬಿಟ್ಟಿದ್ದಾರೆ. ಅನ್ನಪೂರ್ಣ ಅದನ್ನು ಓಣಿಯ ಎಲ್ಲರ ಮುಂದೆ ಗಟ್ಟಿಯಾಗಿ ಓದಿದ್ದಾರೆ.

"ಆಕಿ ಫೋನ್ ಮಾಡಿ, 'ವೈನಿ, ಇಲ್ಲಿ ಡಾಕ್ಟರ್ ಶಿವರಾಜ್ ಅಂತ ಐತಿ, ನೀ ಯಾವಾಗ ಡಾಕ್ಟರ್ ಆದಿ?' ಅಂದ್ಲು ತಮ್ಮಾ. ಹಿಂದ ಹತ್ತು ಮಂದಿ ನಗಾಕತ್ತಿದ್ರು. ಈಗ ಊರಾಗ ನನ್ನ ಸುಳ್ಳಿ ದುಂಡವ್ವ ಅಂತಾರ. ಯುಗಾದಿಗೆ ಊರಿಗೆ ಹೋಗಬೇಕು. ಯಾವ ಮಾರಿ ತಗೊಂಡು ಹೋಗ್ಲಿ?"

ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೋಗುವಾಗ ಒಂದು ಪೊಟ್ಟಣ ಇಟ್ಟುಹೋದರು. "ನಾಕು ರೊಟ್ಟಿ ಅದಾವ. ಊಟದ ಹೊತ್ತಿನ್ಯಾಗ ಬಂದೇನಿ, ಬರಿಗೈಲೆ ಬರಬಾರದು."

ಜನವರಿ 28, ಮಂಗಳವಾರ

ಮೇಷ್ಟ್ರು ಬಾಗಿಲು ಹಾಕಿಕೊಂಡು ಬಂದು ಕೂತರು. ನಾನು ಮೂರು ಪುಟಗಳ ಸಮರ್ಥನೆ ತಯಾರು ಮಾಡಿಕೊಂಡಿದ್ದೆ. ಮುನ್ನುಡಿ, ಉಪಸಂಹಾರ ಸಹಿತ.

"ಹೋಗಿದ್ಯಾ?"

"ಇಲ್ಲ ಸಾರ್."

ಮೂರು ಪುಟ ಅಲ್ಲಿಗೆ ಮುಗಿಯಿತು.

"ಡೆಸ್ಕಿಗೆ ಇಂಥವು ದಿನಕ್ಕೆ ಹತ್ತು ಬರ್ತಿದ್ವು," ಎಂದರು. "ವಾಸನೆ ಗೊತ್ತಾಗುತ್ತೆ. ಎಲ್ರೂ ಮಾತಾಡಿರ್ತಾರೆ, ಯಾರೂ ಏನೂ ಹೇಳಿರಲ್ಲ. 'ಮನಮುಟ್ಟುವಂತೆ ವಿವರಿಸಿದರು' ಅಂದ್ರೆ ವರದಿಗಾರ ಮನೇಲಿದ್ದ ಅಂತ ಅರ್ಥ. ನಿನ್ನದರಲ್ಲೂ ಬಂತು ವಾಸನೆ. ಮೂರನೇ ಸುದ್ದಿ, ಹುಡುಗ ಪಾಸಾಗ್ಲಿ ಅಂತ ಮೂಗು ಮುಚ್ಕೊಂಡೆ. ನನ್ನ ತಪ್ಪೂ ಇದೆ."

ಅವರು ತಪ್ಪು ಒಪ್ಪಿಕೊಂಡದ್ದು ನನಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ತೀರ್ಪು: ತಿದ್ದುಪಡಿ ಫೆಬ್ರವರಿ 7ರ ಸಂಚಿಕೆಯಲ್ಲಿ ಬರಬೇಕು. ತಪ್ಪು ಬಂದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ನನ್ನ ಹೆಸರಿನಲ್ಲಿ. ದುಂಡವ್ವ ಹೇಳಿದರು ಎಂದು ಬರೆದರೆ ಸಾಲದು. "ಕಾರ್ಡು ನಂಬಿ ಕೆಟ್ಟೆ. ಈಗ ಒಬ್ಬರ ಮಾತು ನಂಬಿ ಇನ್ನೊಂದ್ಸಲ ಕೆಡಬೇಡ. ಕಣ್ಣಾರೆ ನೋಡಿದೋರು ಇಬ್ಬರು ಬೇಕು." ಸಿಗದಿದ್ದರೆ ತಿದ್ದುಪಡಿ ಇಲ್ಲ, ನಾನೂ ಪತ್ರಿಕೆಯಲ್ಲಿ ಇಲ್ಲ.

ಜನವರಿ 29, ಬುಧವಾರ

ಏನೂ ಬರೆಯುವುದಿಲ್ಲ. ರೊಟ್ಟಿ ಮುಗಿಯಿತು. ನಾಲ್ಕೂ ನಾನೇ ತಿಂದೆ, ನಾಚಿಕೆಯಿಲ್ಲದೆ.

ಜನವರಿ 30, ಗುರುವಾರ

ಚಿಕ್ಕಬೈರಪ್ಪನವರ ಮನೆ ಪಿಜಿಯ ಮೇಲಿನ ಮಹಡಿಯಲ್ಲಿದೆ. ಅವರ ತಾತ ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಮೊಮ್ಮಗ ನಾಲ್ಕು ಅಂತಸ್ತು ಬಾಡಿಗೆದಾರರನ್ನು ಬೆಳೆದಿದ್ದಾರೆ. ನನ್ನನ್ನು ಕಂಡು ಎರಡೂ ಕೈ ಚಾಚಿದರು.

"ಬನ್ನಿ ಬನ್ನಿ, ಪೇಪರ್ನೋರು! ಸಖತ್ತಾಗಿ ಬರ್ದಿದ್ದೀರ ಗುರು. ಒಂದಕ್ಷರ ಆಚೆ ಈಚೆ ಇಲ್ಲ, ಕಾರ್ಡಲ್ಲಿದ್ದಂಗೇ ಇತ್ತು!"

ನನ್ನ ವೃತ್ತಿಜೀವನದಲ್ಲಿ ಸಿಕ್ಕ ಮೊದಲ ಹೊಗಳಿಕೆ. ಎಲ್ಲಾದರೂ ಹೋಗಿ ಅಡಗಿಕೊಳ್ಳೋಣ ಅನ್ನಿಸಿತು. ತಿದ್ದುಪಡಿಯ ವಿಷಯ ಹೇಳಿದೆ. ಚಾಚಿದ್ದ ಕೈಗಳು ಕೆಳಗಿಳಿದವು.

"ಅದೆಲ್ಲ ಆಗಲ್ಲ ಗುರು. ದೊಡ್ಡ ಮನುಷ್ಯರು, ಬೇಜಾರ್ ಮಾಡ್ಕೊಂತಾರೆ. ಅಲ್ದೆ ಕೆಳಗೆ ಕಲ್ಲು ಹಾಕ್ಸಿದ್ದೀನಿ, ನೋಡಿದ್ರಾ? ಡಾ. ಶಿವರಾಜ್ ಅವರ ಅಮೃತ ಹಸ್ತದಿಂದ ಅಂತ ಗ್ರಾನೈಟಲ್ಲಿ ಕೆತ್ತೈತೆ. ನಿಮ್ ಪೇಪರ್ ನಾಳೆ ರದ್ದಿಗೆ ಹೋಗುತ್ತೆ. ಕಲ್ಲು ಸುಳ್ಳು ಹೇಳುತ್ತಾ?"

ಅಷ್ಟರಲ್ಲಿ ಅವರ ಹೆಂಡತಿ ಲಕ್ಷ್ಮಮ್ಮ ಕಾಫಿ ತಂದು, ಲೋಟ ಕುಟ್ಟಿ ಇಟ್ಟರು.

"ಕಲ್ಲು ಸಂಕ್ರಾಂತಿಗ್ ಮುಂಚೇನೇ ಬಂದಿತ್ತು. ಆಗಲೇ ಅದಕ್ಕೆ ಹೆಂಗ್ ಗೊತ್ತಾಯ್ತು ಯಾರು ಓಪನ್ ಮಾಡ್ತಾರೆ ಅಂತ?"

"ನೀನ್ ಒಳಗೋಗು."

"ಹೋಗ್ತೀನಿ, ಹೇಳ್ಬಿಟ್ಟು ಹೋಗ್ತೀನಿ. ರಾಹುಕಾಲ ರಾಹುಕಾಲ ಅಂತ ಕುಣಿದೋರು ಯಾರು? ಮೊದ್ಲು ನನ್ನೇ ತಳ್ಳಿದ್ರಿ. ನಾನು ನಾಚ್ಕೊಂಡು ಕಂಬದ ಹಿಂದೆ ನಿಂತೆ. ಆಮೇಲೆ ಆ ರೊಟ್ಟಿ ಅಕ್ಕನ್ನ ಕರೆದು ಕೈ ಮುಗಿದ್ರಿ. ಅವ್ಳು ಹೋದ್ಲು, ಟೇಪು ಕೆಳಗ್ ಬಿತ್ತು, ಎಲ್ರೂ ಚಪ್ಪಾಳೆ ಹೊಡೆದ್ರು. ಕೆಲಸ ಮಾಡಿಸ್ಕೊಳ್ಳೋವಾಗ ತಾಯಿ, ಕಲ್ಲಲ್ಲಿ ಮಾತ್ರ ನಾಯಿ?"

ಚಿಕ್ಕಬೈರಪ್ಪ ಕಾಫಿಯ ಕೆನೆಯನ್ನು ಬೆರಳಲ್ಲಿ ತೆಗೆದರು. ಕೆಟ್ಟ ಮನುಷ್ಯರಲ್ಲ. ಕಲ್ಲಿಗೆ ಮುಂಚಿತವಾಗಿ ಬರೆಸಿದವರು ಅವರು, ಕಾಗದಕ್ಕೆ ಮುಂಚಿತವಾಗಿ ಬರೆದವನು ನಾನು. ನಮ್ಮಿಬ್ಬರದೂ ಒಂದೇ ಘರಾನೆ.

"ಹಾಕ್ಕೊಳಿ," ಎಂದರು ಕೊನೆಗೆ. "ಆದ್ರೆ ನಾನ್ ಹೇಳ್ದೆ ಅಂತ ಹಾಕ್ಬೇಡಿ."

"ನಾನ್ ಹೇಳ್ದೆ ಅಂತ ಹಾಕಪ್ಪ," ಎಂದರು ಲಕ್ಷ್ಮಮ್ಮ. "ನನ್ ಹೆಸ್ರು ಮದ್ವೆ ಕಾರ್ಡ್ ಬಿಟ್ರೆ ಎಲ್ಲೂ ಅಚ್ಚಾಗಿಲ್ಲ."

ಸಾಕ್ಷಿ ಒಂದು.

ಫೆಬ್ರವರಿ 1, ಶನಿವಾರ

ಡಾ. ಶಿವರಾಜ್ ಅವರಿಗೆ ಫೋನ್ ಮಾಡಿದೆ. ಮಾಡುವ ಮುಂಚೆ ನಾಲ್ಕು ಸಲ ನಂಬರ್ ಒತ್ತಿ ನಾಲ್ಕು ಸಲ ಕತ್ತರಿಸಿದೆ. ದೊಡ್ಡವರು ಕಾನೂನು, ನೋಟಿಸು ಎಂದೆಲ್ಲ ಗುಡುಗುತ್ತಾರೆಂದು ಅಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದೆ.

"ಸಾರ್, ಆ ವಾಚನಾಲಯನ ನೀವು ಉದ್ಘಾಟನೆ ಮಾಡಿದ್ರಾ?"

ಆ ಕಡೆ ಟಿವಿ ಆರಿಸಿದ ಸದ್ದು.

"ಮಾಡಿಲ್ಲ ಅಂತ ನನಗೆ ಬಲವಾದ ಅನುಮಾನ ಇತ್ತಪ್ಪ," ಎಂದರು. "ಐದೂ ಇಪ್ಪತ್ತಕ್ಕೆ ಹೋದೆ, ಬಾಗಿಲು ತೆಗೆದೇ ಇತ್ತು. ಶಾಲು ಹೊದಿಸಿದ್ರು, ಊಟ ಹಾಕಿದ್ರು. ರೊಟ್ಟಿ ಬಹಳ ಚೆನ್ನಾಗಿತ್ತು. ಆಮೇಲೆ ನಿಮ್ಮ ಪೇಪರ್ ನೋಡಿದೆ. ಟೇಪು ಕತ್ತರಿಸಿ ಅಂತಿದೆ! ನನಗೆ ಎಪ್ಪತ್ತೆರಡು. ಮರೆವು ಶುರುವಾಯ್ತೇನೋ ಅಂತ ಹೆದರ್ಕೊಂಡೆ. ಡಾಕ್ಟರ ಹತ್ರ ಹೋಗ್ಬೇಕು ಅಂತ ನನ್ನ ಮನೆಯವರು ನಾಳೆ ಬೆಳಿಗ್ಗೆಗೆ ಸಮಯ ಬೇರೆ ತಗೊಂಡಿದ್ದಾರೆ."

"ಕ್ಷಮಿಸಿ ಸಾರ್. ನಿಮಗೆ ಮರೆವಿಲ್ಲ. ನಾನು ಬಂದಿರಲಿಲ್ಲ."

"ಅಯ್ಯೋ ಮಾರಾಯಾ!" ಎಂದು ಅವರು ನಕ್ಕ ನಗು ಅಮ್ಮನಿಗೂ ಕೇಳಿಸಿತು. ಒಳಗೆ ಹೆಂಡತಿಗೆ ಕೂಗಿ ಹೇಳಿದರು, "ಲೇ, ನನಗೇನೂ ಆಗಿಲ್ವಂತೆ! ಆಗಿರೋದು ಪೇಪರ್ನವರಿಗೆ!"

ಉದ್ಘಾಟಿಸಿದ್ದು ನಾನಲ್ಲ ಎಂದು ಧಾರಾಳವಾಗಿ ಬರೆದುಕೊಳ್ಳಿ ಎಂದರು. ಅವರ ವಯಸ್ಸು, ಅವರು ಅಲ್ಲಿ ತಲುಪಿದ ಹೊತ್ತು, ಎರಡನ್ನೂ ಇನ್ನೊಮ್ಮೆ ಕೇಳಿ ಬರೆದುಕೊಂಡೆ. ಫೋನಿಟ್ಟ ಮೇಲೆ ಅಮ್ಮ, "ಎರಡೆರಡು ಸಲ ಯಾಕೋ ಕೇಳ್ದೆ?" ಎಂದಳು. ಯಾಕೆಂದು ನನಗೂ ಗೊತ್ತಿಲ್ಲ.

ಫೆಬ್ರವರಿ 4, ಮಂಗಳವಾರ

ಡಾ. ಶಿವರಾಜ್ ಹೇಳಿಕೆ ಗಟ್ಟಿ, ಆದರೆ ಅವರು ನೋಡಿದವರಲ್ಲ, ಇನ್ನೊಬ್ಬರು ಬೇಕು ಎಂದರು ಮೇಷ್ಟ್ರು. ಮೈಕ್ ಸೆಟ್ಟಿನ ಹನಮಂತ ಎಂಬುವರು ಇಡೀ ಹೊತ್ತು ಬಾಗಿಲ ಪಕ್ಕದಲ್ಲೇ ಇದ್ದರೆಂದು ತಿಳಿಯಿತು, ನಾಳೆ ಸಿಗುತ್ತಾರೆ. ಅಷ್ಟರಲ್ಲಿ ತಿದ್ದುಪಡಿಯ ಕರಡು ಬರೆದು ದಿವ್ಯಳಿಗೆ ಕೊಟ್ಟೆ. ಐದು ವಾಕ್ಯ. ವಿಶೇಷಣ ಸೊನ್ನೆ.

ಅವಳು ಎರಡನೇ ವಾಕ್ಯದಲ್ಲೇ ನಿಂತಳು.

"'ಕತ್ತರಿಯಿಂದ ಟೇಪು ಕತ್ತರಿಸಿದರು' ಅಂತಿದೆ. ಕತ್ತರಿ ಅಂತ ಯಾರು ಹೇಳಿದ್ದು?"

"ಟೇಪನ್ನ ಮತ್ತಿನ್ನೇನು ಗರಗಸದಲ್ಲಿ ಕತ್ತರಿಸ್ತಾರಾ ಮಗಾ?"

"ಕೇಳಿದ್ಯಾ?"

ಕೇಳಿರಲಿಲ್ಲ. ಲಕ್ಷ್ಮಮ್ಮ ಕಂಬದ ಹಿಂದಿದ್ದವರು, ಕಂಡದ್ದು ಬೆನ್ನು. ಬೈದುಕೊಂಡೇ ಬಿಟಿಎಂ ಬಸ್ಸು ಹತ್ತಿದೆ. ದುಂಡವ್ವಕ್ಕ ರೊಟ್ಟಿ ಬಡಿಯುತ್ತಿದ್ದರು.

"ಅಕ್ಕಾ, ಟೇಪನ್ನ ಕತ್ತರೀಲೇ ತಾನೆ ಕತ್ತರಿಸಿದ್ದು?"

ಕೈ ನಿಂತಿತು.

"ಯಾವ ಕತ್ತರಿ? ಅದು ಬೆಣ್ಣೀನೂ ಕೊಯ್ಯೂದಿಲ್ಲ. ಒಮ್ಮೆ ಒತ್ತಿದೆ, ಟೇಪು ಮಡಚಿಕೊಂಡು ಒಳಗ ಹೋತು. ಎರಡನೇದ್ದೂ ಹಂಗ. ಆ ಚಿಕ್ಕಬೈರಪ್ಪನವ್ರು 'ಎರಡ್ ನಿಮಿಷ ಐತೆ, ಎರಡೇ ನಿಮಿಷ' ಅಂತ ಕಿವ್ಯಾಗ ಹೊಯ್ಕೊಳ್ಳಾಕತ್ತಿದ್ರು. ಬಗ್ಗಿದೆ, ಹಲ್ಲಿಲೆ ಹರದೆ."

"ಹಲ್ಲಲ್ಲಾ! ಮೊದಲೇ ಯಾಕೆ ಹೇಳಲಿಲ್ಲ?"

"ನೀ ಎಲ್ಲಿ ಕೇಳಿದಿ?"

ಖುಷಿಯಿಂದ ಬರೆದುಕೊಳ್ಳತೊಡಗಿದೆ. ಆಗ ಅವರು ಹಿಟ್ಟಿನ ಕೈಯಿಂದಲೇ ನನ್ನ ಪೆನ್ನು ಹಿಡಿದರು.

"ಅದನ್ನ ಹಾಕಬ್ಯಾಡ ತಮ್ಮಾ. ಕತ್ತರಿ ಅಂತನ ಬರಿ. ಹಲ್ಲು ಅಂದ್ರ ನಾದಿನಿ ಸಾಯೂತನಕ ನಗತಾಳ. ನಿನ್ನಿಂದ ಇಷ್ಟೆಲ್ಲಾ ಆಗೇತಿ, ಇಷ್ಟ ಮಾಡು."

ಪುಸ್ತಕ ಮುಚ್ಚಿ ಬಂದೆ. ಪೆನ್ನಿನ ತುಂಬ ಜೋಳದ ಹಿಟ್ಟು.

ಫೆಬ್ರವರಿ 5, ಬುಧವಾರ

ಗುರಪ್ಪನಪಾಳ್ಯದ ಮೈಕ್ ಸೆಟ್ ಅಂಗಡಿಯಲ್ಲಿ ಹನಮಂತ ಸಿಕ್ಕರು. ವಯಸ್ಸು ಮೂವತ್ತೆರಡು. "ಹಲ್ಲಿಲೇರೀ ಸರ! ಮೈಕ್ ಬಾಜೂಕ ಇತ್ತು, 'ಟರ್' ಅಂತ ಸ್ಪೀಕರ್‌ನ್ಯಾಗ ಕೇಳ್ತು. ಮಂದಿ ಸೀಟಿ ಹೊಡದ್ರು." ಸಾಕ್ಷಿ ಎರಡು. ಕರತಾಡನ ಮಾತ್ರವಲ್ಲ, ಶಿಳ್ಳೆಯೂ.

ಮೇಷ್ಟ್ರಿಗೆ ದುಂಡವ್ವಕ್ಕನ ಕೋರಿಕೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ನೀನೇನ್ ಮಾಡ್ತೀಯ?" ಎಂದರು. ಅಷ್ಟೇ. ಕೆಲವು ಪ್ರಶ್ನೆಗಳಿಗೆ ಪಠ್ಯದಲ್ಲಿ ಪುಟವೇ ಇಲ್ಲ.

ಸಂಜೆ ಐದಕ್ಕೆ ಮತ್ತೆ ದುಂಡವ್ವಕ್ಕನ ಕೋಣೆಗೆ ಹೋದೆ. ಭಾಷಣ ಮಾಡಲಿಲ್ಲ. ಎರಡು ಕರಡು ಓದಿ ಹೇಳಿದೆ: ಒಂದು ಕತ್ತರಿಯದು, ಒಂದು ಹಲ್ಲಿನದು.

"ಅಕ್ಕಾ, ಅಲ್ಲಿ ಅರವತ್ತು ಜನ ನೋಡಿದ್ದಾರೆ. ಕತ್ತರಿ ಅಂತ ಬರೆದು, ನಾಳೆ ಅವರಲ್ಲಿ ಒಬ್ಬರು ಅಲ್ಲ ಅಂದ್ರೆ, ಈ ಸಲ ಸುಳ್ಳು ಹೇಳಿದೋರು ನಾವಿಬ್ಬರೂ ಆಗ್ತೀವಿ. ನೀವು ಬೇಡ ಅಂದ್ರೆ ಹಲ್ಲಿನ ವಿಷಯ ಬಿಟ್ಟು 'ಉದ್ಘಾಟಿಸಿದರು' ಅಂತಷ್ಟೇ ಹಾಕ್ತೀನಿ. ಕತ್ತರಿ ಅಂತ ಮಾತ್ರ ಹಾಕಲ್ಲ."

ಅವರು ಒಂದು ರೊಟ್ಟಿ ಬಡಿದು, ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದರು.

"ಬಿಟ್ಟರ ಆಕಿ ಕೇಳತಾಳ, 'ಹೆಂಗ ಮಾಡಿದಿ?' ಅಂತ. ನಾ ಏನ್ ಹೇಳ್ಲಿ?" ಎಂದರು. ರೊಟ್ಟಿ ಉಬ್ಬಿತು. "ಹಾಕು. ಸುಳ್ಳಿ ಅನಿಸಿಕೊಳ್ಳೂದಕ್ಕಿಂತ ಹಲ್ಲಿನಾಕಿ ಅನಿಸಿಕೊಳ್ಳೂದ ಚಲೋ."

ಫೆಬ್ರವರಿ 7, ಶುಕ್ರವಾರ

ಪ್ರಕಟವಾಯಿತು. ಮೊದಲ ಪುಟ, ಅದೇ ಜಾಗ. ಇಲ್ಲಿ ಅಂಟಿಸಿದ್ದೇನೆ.

"ವಾಚನಾಲಯ ಉದ್ಘಾಟಿಸಿದವರು ದುಂಡವ್ವ: ತಿದ್ದುಪಡಿ

ಬಿಟಿಎಂ ಲೇಔಟ್: ಇಲ್ಲಿನ ಎರಡನೇ ಹಂತದ ಉಚಿತ ವಾಚನಾಲಯವನ್ನು ಜ. 19ರಂದು ಸಂಜೆ 4.28ಕ್ಕೆ ರೊಟ್ಟಿ ವ್ಯಾಪಾರಿ ದುಂಡವ್ವ (48) ಉದ್ಘಾಟಿಸಿದರು. ಕತ್ತರಿ ಮೊಂಡಾಗಿದ್ದರಿಂದ ಅವರು ಟೇಪನ್ನು ಹಲ್ಲಿನಿಂದ ಹರಿದರು ಎಂದು ಸ್ಥಳದಲ್ಲಿದ್ದ ಹನಮಂತ ತಿಳಿಸಿದರು. ಮೊದಲು ತಮ್ಮನ್ನು ಕರೆಯಲಾಗಿತ್ತು, ನಾಚಿಕೆಯಿಂದ ಹೋಗಲಿಲ್ಲ ಎಂದು ಲಕ್ಷ್ಮಮ್ಮ ಹೇಳಿದರು. ಮುಖ್ಯ ಅತಿಥಿ ಡಾ. ಶಿವರಾಜ್ 5.20ಕ್ಕೆ ಬಂದರು. ಉದ್ಘಾಟಿಸಿದವರು ಅವರೆಂದು ಜ. 24ರ ಸಂಚಿಕೆಯಲ್ಲಿ ಪ್ರಕಟವಾದದ್ದು ತಪ್ಪು. ವರದಿಗಾರ ಸಮಾರಂಭಕ್ಕೆ ಹೋಗಿರಲಿಲ್ಲ. ವಿಷಾದಿಸುತ್ತೇವೆ. – ಸುಶ್ರುತ"

ಕ್ಲಾಸಿನಲ್ಲಿ ಮೇಷ್ಟ್ರು ಇದನ್ನು ಓದಿದರು. ಕೆಂಪು ಪೆನ್ನು ಜೇಬಿನಲ್ಲೇ ಇತ್ತು. ಹಿಂದಿನದನ್ನು ಲೆಕ್ಕದಿಂದ ತೆಗೆದು, ಇದನ್ನು ಮೂರನೇ ಸುದ್ದಿ ಎಂದು ಬರೆದುಕೊಂಡರು. ವಾಚನಾಲಯದ ಕಲ್ಲಿನ ಕೆಳಗೆ ಚಿಕ್ಕಬೈರಪ್ಪ ಇನ್ನೊಂದು ಕಲ್ಲು ಹಾಕಿಸುತ್ತಾರಂತೆ. ಹಾಕಿಸಿದ ಮೇಲೆ ಬರೆಯುತ್ತೇನೆ.

ಇನ್ನೊಂದು: ಬನಶಂಕರಿಯ ಆ ಬೆಕ್ಕಿನ ಮನೆಗೆ ಹೋಗಿ ಕೇಳಿ ಬಂದೆ. ಸಿಕ್ಕಿದೆ. ಮೂರು ಮರಿ ಹಾಕಿದೆ.

ಫೆಬ್ರವರಿ 9, ಭಾನುವಾರ

ದುಂಡವ್ವಕ್ಕನ ಕೋಣೆಯಲ್ಲಿ ಬೆಳಿಗ್ಗೆ 10.15ಕ್ಕೆ ಅನ್ನಪೂರ್ಣ ಅವರ ಫೋನ್ ಬಂತು. ನಾನೂ ದಿವ್ಯಳೂ ಇದ್ದೆವು. ಒಲೆ ಉರಿಯುತ್ತಿತ್ತು. ಕೈ ಹಿಟ್ಟಾಗಿದ್ದರಿಂದ ದುಂಡವ್ವಕ್ಕ ಮೊಣಕೈಯಿಂದ ಒತ್ತಿ ಸ್ಪೀಕರ್ ಹಾಕಿದರು.

"ವೈನಿ, ಪೇಪರ್ ಬಂದೈತಿ. ಓದಲೇನು?"

"ಓದು. ಓಣ್ಯಾಗ ಎಲ್ಲಾರೂ ಅದಾರೇನು?"

"ಎಲ್ಲಾರೂ ಅದೀವಿ. ಕಲ್ಲಪ್ಪ ಮಾಮಾನೂ ಬಂದಾನ."

ಅನ್ನಪೂರ್ಣ ಅಂಗನವಾಡಿಯಲ್ಲಿ ಪದ್ಯ ಹೇಳಿಕೊಡುವವರ ಹಾಗೆ ಒಂದೊಂದೇ ಪದ ಬಿಡಿಸಿ ಓದಿದರು. ತಲೆಬರಹದಲ್ಲಿ 'ದುಂಡವ್ವ' ಎಂದಾಗ ಅಲ್ಲಿ ಯಾರೋ "ಹೌದಲ್ಲ!" ಎಂದರು. ದುಂಡವ್ವಕ್ಕ ರೊಟ್ಟಿ ಬಡಿಯುತ್ತಲೇ ಇದ್ದರು. 'ಹಲ್ಲಿನಿಂದ ಹರಿದರು' ಎಂಬಲ್ಲಿಗೆ ಓದು ನಿಂತಿತು. ಒಲೆಯ ಸದ್ದು ಕೇಳಿಸಿತು. ಆಮೇಲೆ ಫೋನು ಒಡೆದುಹೋಗುವಷ್ಟು ನಗು ಬಂತು, ಗಂಡಸರದು, ಹೆಂಗಸರದು, ಮಕ್ಕಳದು. ದುಂಡವ್ವಕ್ಕ ಕಣ್ಣು ಮುಚ್ಚಿಕೊಂಡರು. ದಿವ್ಯ ನನ್ನ ತೋಳು ಹಿಡಿದಳು.

ನಗುವಿನ ನಡುವೆ ಅನ್ನಪೂರ್ಣ ಅವರ ದನಿ:

"ಏ ವೈನಿ! ನೀನ ಮಾಡೀದಿ! ಖರೇನ ನೀನ ಮಾಡೀದಿ! ಕತ್ತರಿ ಅಂತ ಬರದಿದ್ದರ ನಾ ನಂಬತಿದ್ದಿಲ್ಲ ನೋಡು. ನಿನ್ನ ಮದುವಿ ದಿನ ಸೆರಗಿನ ಗಂಟು ಬಿಚ್ಚಲಾರದ ಹಲ್ಲಿಲೆ ಕಡದಾಕಿ ಅಲ್ಲೇನು ನೀ? ಮಾಮಾ, ನೆನಪೈತೇನು?"

"ಐತಿ ಐತಿ," ಎಂದಿತು ಮುದಿ ದನಿ. "ಆ ಹಲ್ಲು ಜಗತ್ತಿನ್ಯಾಗ ಇನ್ನ ಯಾರಿಗೂ ಇಲ್ಲ."

"ವೈನಿ, ತಪ್ಪಾತು," ಎಂದರು ಅನ್ನಪೂರ್ಣ. "ನಾನ ಮೊದಲ ಸುಳ್ಳಿ ಅಂದಾಕಿ. ಯುಗಾದಿಗೆ ಬಾ. ಇದಕ್ಕೂ ಕಟ್ಟು ಹಾಕಿಸಿ ನನ್ನದರ ಬಾಜೂಕ ಹಾಕತೀನಿ."

"ಬಾಜೂಕ ಬ್ಯಾಡ," ಎಂದರು ದುಂಡವ್ವಕ್ಕ. "ಮ್ಯಾಲ ಹಾಕು."

ಇನ್ನೊಮ್ಮೆ ಓದಲು ಹೇಳಿದರು. ಅವರು ಓದಿದರು. ಮತ್ತೊಮ್ಮೆ ಹೇಳಿದರು. ಒಟ್ಟು ನಾಲ್ಕು ಸಲ. ನಾಲ್ಕನೆಯ ಸಲಕ್ಕೆ ಓಣಿಯ ಮಕ್ಕಳು 'ಹಲ್ಲಿನಿಂದ ಹರಿದರು' ಎಂಬುದನ್ನು ಒಟ್ಟಿಗೆ ಕೂಗಿದರು. ದುಂಡವ್ವಕ್ಕ ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. ಹೊಗೆಯೇ ಎಂದು ಕೇಳಿದೆ. ಅಲ್ಲ ಎಂದರು.

ಹಂಚಿನ ಮೇಲಿನ ರೊಟ್ಟಿಯನ್ನು ಯಾರೂ ನೋಡಿರಲಿಲ್ಲ. ಒಂದು ಮಗ್ಗುಲು ಪೂರ್ತಿ ಸೀದಿತ್ತು. ಅದನ್ನು ಎಸೆಯಲು ಹೋದರು. ನಾನು ಇಸಿದುಕೊಂಡು ತಿಂದೆ.